ಕಣ್ಬೇನೆಯ ಭೇದಗಳು: ಅಭಿಷ್ಯಂದದಿಂದ ‘ಮದ್ರಾಸ್ ಐ’ವರೆಗೆ

೧

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ನೆಲವು ಕನ್ನಡನಾಡಿನಲ್ಲಿ ಮಳೆ ಕಡಮೆಯಾದ ಸೀಮೆಗೆ ಸೇರಿದುದು. ಕೂಡ್ಲಿಗಿಯ ಹೊಸಹಳ್ಳಿಯ ಕಡೆಯಲ್ಲಿ ಮಾಘಮಾಸ ಕಳೆಯುತ್ತಲೇ ಬಿಸಿಲು ಏರುವುದು. ಫಾಲ್ಗುಣ ಚೈತ್ರಗಳಲ್ಲಿ ಒಣಗಾಳಿಯೊಡನೆ ಧೂಳು ಏಳುವುದು. ಕಣದಲ್ಲಿ ತೂರಿದ ಹೊಟ್ಟು ಊರೊಳಗೆಲ್ಲ ಹರಡುವುದು. ಮೈಲಾರದ ಕಾರಣಿಕಕ್ಕೂ ಕೊಟ್ಟೂರಿನ ತೇರಿಗೂ ಜನ ಲಕ್ಷಗಟ್ಟಳೆಯಾಗಿ ನೆರೆಯುವುದು ಇದೇ ಕಾಲದಲ್ಲಿ. ಇಂತಹ ಸೀಮೆಯಲ್ಲಿ ಕಣ್ಣುಬೇನೆಯೆಂಬುದು ಹೊಸ ವಾರ್ತೆಯಲ್ಲ. “ಹುಡುಗನಿಗೆ ಕಣ್ಣು ಬಂದಿವೆ” ಎಂದು ತಾಯಿ ಹೇಳಿದಳೆಂದರೆ, ಕೇಳಿದವರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಕೆಂಪು, ನೀರು, ಗೀಜು, ಚುಚ್ಚುವಿಕೆ ಇವೆಲ್ಲವೂ ಆ ಎರಡು ಮಾತುಗಳಲ್ಲಿ ಅಡಕವಾಗಿವೆ.

ಆದರೆ ಬಂದಿರುವುದು ಏನು? ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕಣ್ಬೇನೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ‘ಕಣ್ಣು ಬಂದಿವೆ’ ಎಂಬ ಒಂದೇ ಹೆಸರಿನ ಕೆಳಗೆ, ಯಾವ ಮದ್ದೂ ಇಲ್ಲದೆ ವಾರದಲ್ಲಿ ತಾನಾಗಿ ಇಳಿದುಹೋಗುವ ವ್ಯಾಧಿಯೂ ಇದೆ. ವರ್ಷ ವರ್ಷವೂ ಬೇಸಗೆಯಲ್ಲಿ ಮರಳಿ ಬಂದು ಮಗುವನ್ನು ಕಾಡುವ ವ್ಯಾಧಿಯೂ ಇದೆ. ಒಂದೆರಡು ದಿವಸಗಳೊಳಗಾಗಿ ದೃಷ್ಟಿಯನ್ನೇ ಅಪಹರಿಸುವ ವ್ಯಾಧಿಯೂ ಇದೆ. ಹೆಸರು ಒಂದಾದುದರಿಂದ ಉಪಚಾರವೂ ಒಂದೇ ಆಗುವುದು ಲೋಕದ ರೂಢಿ. ಅನರ್ಥವು ಹುಟ್ಟುವುದು ಇಲ್ಲಿಯೇ. ಪ್ರಾಚೀನರಾಗಲಿ ನವೀನರಾಗಲಿ ನೇತ್ರವೈದ್ಯದಲ್ಲಿ ಸಾಧಿಸಿದ ಪ್ರಗತಿಯೆಲ್ಲವೂ ಭೇದವನ್ನು ಗುರುತಿಸುವುದರಲ್ಲಿಯೇ ಇರುವುದೆಂಬುದನ್ನು ಮುಂದೆ ತೋರಿಸಲು ಯತ್ನಿಸುವೆನು.

ಪರಿಭಾಷೆಯ ವಿಷಯವಾಗಿ ಮೊದಲು ಒಂದು ಮಾತು. ರೆಪ್ಪೆಯ ಒಳಮೈಯನ್ನೂ ಕಣ್ಣಿನ ಬೆಳ್ಳಗಿನ ಭಾಗವನ್ನೂ ಹೊದೆದಿರುವ ತೆಳುವಾದ, ತೇವವುಳ್ಳ ಚರ್ಮದ ಉರಿಯೂತವೇ ನಾವು ಇಲ್ಲಿ ವಿಚಾರಿಸುವ ಕಣ್ಬೇನೆ. ಈ ಚರ್ಮವನ್ನು ಸುಮ್ಮನೆ ‘ಪೊರೆ’ ಎಂದು ಕರೆಯುವುದು ಸುಲಭವಾದರೂ, ಆ ಶಬ್ದವು ಜನರ ಬಾಯಲ್ಲಿ ಮುಪ್ಪಿನಲ್ಲಿ ಬರುವ ಮೋತಿಬಿಂದುವಿಗೆ ಮೀಸಲಾಗಿಹೋಗಿದೆ. ಎರಡು ಬೇರೆ ಬೇರೆ ಸಂಗತಿಗಳಿಗೆ ಒಂದೇ ಶಬ್ದವನ್ನು ಬಳಸಿದರೆ ಗೊಂದಲವು ತಪ್ಪದು. ಆದಕಾರಣ ಇಲ್ಲಿ ‘ನೇತ್ರಾವರಣ’ ಎಂಬ ಮಾತನ್ನು ಇಟ್ಟುಕೊಂಡಿದ್ದೇನೆ.

೨

ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಈ ವ್ಯಾಧಿಗೆ ‘ಅಭಿಷ್ಯಂದ’ವೆಂದು ಹೆಸರು. ಸ್ಯಂದವೆಂದರೆ ಸೋರುವಿಕೆ, ಒಸರುವಿಕೆ. ಎಲ್ಲ ಕಡೆಯಿಂದಲೂ ಒಸರುವುದು ಅಭಿಷ್ಯಂದ. ಹೆಸರು ಲಕ್ಷಣದಿಂದ ಹುಟ್ಟಿತೆಂಬುದು ಸ್ಪಷ್ಟ. ಸುಶ್ರುತಸಂಹಿತೆಯು ಈಗಿನ ರೂಪಕ್ಕೆ ಬಂದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಅದರ ಉತ್ತರತಂತ್ರವು ಮೂಲಕ್ಕೆ ಅನಂತರ ಸೇರಿದ ಭಾಗವೆಂದು ಹೇಳುವವರೂ ಉಂಟು. ಅದು ಹೇಗೇ ಇರಲಿ, ಆ ಉತ್ತರತಂತ್ರದ ಮೊದಲ ಹತ್ತೊಂಬತ್ತು ಅಧ್ಯಾಯಗಳು ನೇತ್ರಕ್ಕೇ ಮೀಸಲಾಗಿವೆ. ಅಲ್ಲಿ ನೇತ್ರರೋಗಗಳು ಒಟ್ಟು ೭೬. ಸಂಧಿಗಳಲ್ಲಿ ೯, ರೆಪ್ಪೆಗಳಲ್ಲಿ ೨೧, ಬಿಳಿಯ ಭಾಗದಲ್ಲಿ ೧೧, ಕರಿಯ ಭಾಗದಲ್ಲಿ ೪, ಕಣ್ಣನ್ನೆಲ್ಲ ವ್ಯಾಪಿಸುವುವು ೧೭, ದೃಷ್ಟಿಯಲ್ಲಿ ೧೨, ಬಾಹ್ಯಕಾರಣದಿಂದ ಆಗುವುವು ೨ ಎಂದು ಅವುಗಳ ವಿಭಾಗ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಈ ಸಂಖ್ಯೆ ೯೪ಕ್ಕೆ ಏರಿದೆ.

ಸರ್ವಗತವಾದ ಹದಿನೇಳರಲ್ಲಿ ಮೊದಲನೆಯವು ನಾಲ್ಕು ಅಭಿಷ್ಯಂದಗಳು. ವಾತದಿಂದಾದುದರಲ್ಲಿ ಚುಚ್ಚುವಿಕೆ, ಮರಳು ಬಿದ್ದಂತೆ ಒರಸುವಿಕೆ, ಶುಷ್ಕತೆ, ತಣ್ಣನೆಯ ಕಣ್ಣೀರು, ತಲೆನೋವು. ಪಿತ್ತದಿಂದಾದುದರಲ್ಲಿ ಉರಿ, ಪಾಕ, ಹೊಗೆಯಾಡಿದಂತಹ ಬಾಧೆ, ಬಿಸಿಯಾದ ಕಣ್ಣೀರು, ತಂಪನ್ನು ಬಯಸುವಿಕೆ. ಕಫದಿಂದಾದುದರಲ್ಲಿ ಭಾರ, ಊತ, ತುರಿ, ಅಂಟಂಟಾದ ಸ್ರಾವ, ಬೆಚ್ಚನೆಯದನ್ನು ಬಯಸುವಿಕೆ. ರಕ್ತದಿಂದಾದುದರಲ್ಲಿ ತಾಮ್ರವರ್ಣದ ಕಣ್ಣೀರು, ಕೆಂಪು ಗೆರೆಗಳು, ಅದರೊಡನೆ ಪಿತ್ತದ ಲಕ್ಷಣಗಳೆಲ್ಲವೂ ಇರುವುವೆಂದು ಸುಶ್ರುತನ ನಿರೂಪಣೆ. ಇವುಗಳನ್ನು ಉಪೇಕ್ಷಿಸಿದರೆ ನಾಲ್ಕು ಬಗೆಯ ‘ಅಧಿಮಂಥ’ಗಳಾಗಿ ಪರಿಣಮಿಸುವುವು. ಆಗ ಕಣ್ಣನ್ನು ಕಿತ್ತಂತೆಯೂ ಕಡೆದಂತೆಯೂ ಅರ್ಧತಲೆಯೊಡನೆ ವೇದನೆಯುಂಟಾಗುವುದು. ಕಫದ ಅಧಿಮಂಥವು ಏಳು ರಾತ್ರಿಗಳಲ್ಲಿ, ವಾತದ್ದು ಆರರಲ್ಲಿ, ರಕ್ತದ್ದು ಐದರಲ್ಲಿ, ಪಿತ್ತದ್ದು ತಪ್ಪು ಉಪಚಾರದಿಂದ ಆ ಕೂಡಲೇ ದೃಷ್ಟಿಯನ್ನು ನಾಶಮಾಡುವುದೆಂದು ಆತನು ಅವಧಿಯನ್ನು ಕೂಡ ಹೇಳಿದ್ದಾನೆ. ಪ್ರಾಯಶಃ ಎಲ್ಲ ನೇತ್ರರೋಗಗಳಿಗೂ ಅಭಿಷ್ಯಂದವೇ ಮೂಲವೆಂಬುದು ಆತನ ಮತ. ಸಣ್ಣದೆಂದು ತೋರುವ ಬೇನೆಯನ್ನು ಕಂಡು ಇಷ್ಟು ಎಚ್ಚರವನ್ನು ವಹಿಸಿದ ಶಾಸ್ತ್ರಕಾರನು ಅನುಭವಸ್ಥನಾಗಿದ್ದನೆಂದೇ ಹೇಳಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯು ನೇತ್ರಾಧ್ಯಾಯಗಳಲ್ಲಿಲ್ಲ. ನಿದಾನಸ್ಥಾನದಲ್ಲಿ ಕುಷ್ಠರೋಗವನ್ನು ಹೇಳುವ ಅಧ್ಯಾಯದ ಕೊನೆಯಲ್ಲಿದೆ. ಮನುಷ್ಯನಿಂದ ಮನುಷ್ಯನಿಗೆ ದಾಟುವ ರೋಗಗಳನ್ನು ಎಣಿಸುವಾಗ ಸುಶ್ರುತನು ಕುಷ್ಠ, ಜ್ವರ, ಶೋಷಗಳೊಡನೆ ನೇತ್ರಾಭಿಷ್ಯಂದವನ್ನೂ ಹೆಸರು ಹೇಳಿ ಸೇರಿಸಿದ್ದಾನೆ. ದಾಟುವ ಮಾರ್ಗಗಳೂ ಅಲ್ಲಿ ಉಕ್ತವಾಗಿವೆ: ಅತಿಯಾದ ಸಹವಾಸ, ಮೈಮುಟ್ಟುವಿಕೆ, ಉಸಿರು, ಒಟ್ಟಿಗೆ ಉಣ್ಣುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು, ಒಂದೇ ಆಸನದಲ್ಲಿ ಕೂಡುವುದು, ಬಟ್ಟೆ, ಹೂಮಾಲೆ, ಲೇಪನಗಳನ್ನು ಹಂಚಿಕೊಳ್ಳುವುದು. ಈ ಪಟ್ಟಿಯಲ್ಲಿ ‘ನೋಡುವುದು’ ಎಂಬುದು ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬೇನೆ ಬಂದವನ ಕಣ್ಣನ್ನು ನೋಡಿದರೆ ಸಾಕು, ನಮ್ಮ ಕಣ್ಣಿಗೂ ಅದು ತಗಲುವುದೆಂಬ ನಂಬಿಕೆಯು ಈಗಲೂ ಜನರಲ್ಲಿದೆ. ಅದಕ್ಕೆ ನವೀನಶಾಸ್ತ್ರದ ಆಧಾರವಿಲ್ಲದಿರುವಂತೆ ಈ ಪ್ರಾಚೀನಶಾಸ್ತ್ರದ ಆಧಾರವೂ ಇಲ್ಲ.

೩

ಕನ್ನಡನಾಡಿನಲ್ಲಿ ಶಾಲಾಕ್ಯವು, ಎಂದರೆ ಕಂಠದಿಂದ ಮೇಲಣ ಅಂಗಗಳ ಚಿಕಿತ್ಸೆಯು, ಪ್ರತ್ಯೇಕವಾದ ಶಾಸ್ತ್ರವಾಗಿ ಬೆಳೆದಿದ್ದಿತೆಂಬುದಕ್ಕೆ ಒಂದು ಬೆಲೆಯುಳ್ಳ ಸಾಕ್ಷ್ಯವು ಉಗ್ರಾದಿತ್ಯನ ಕಲ್ಯಾಣಕಾರಕದಲ್ಲಿದೆ. ಸಂಸ್ಕೃತದಲ್ಲಿರುವ ಈ ಜೈನವೈದ್ಯಗ್ರಂಥವು ಸೊಲ್ಲಾಪುರದಿಂದ ೧೯೪೦ರಲ್ಲಿ ಮುದ್ರಿತವಾಯಿತು. ಅದರ ಕರ್ತೃವು ರಾಷ್ಟ್ರಕೂಟ ನೃಪತುಂಗನ (೮೧೪–೮೭೮) ಆಸ್ಥಾನವನ್ನು ಸ್ಮರಿಸುತ್ತಾನೆ. ತನಗಿಂತ ಹಿಂದಿನ ಆಚಾರ್ಯರನ್ನು ಒಬ್ಬೊಬ್ಬರನ್ನಾಗಿ ಹೇಳುವಲ್ಲಿ ಆತನು ಶಾಲಾಕ್ಯವನ್ನು ಪೂಜ್ಯಪಾದರಿಗೂ, ಶಲ್ಯತಂತ್ರವನ್ನು ಪಾತ್ರಸ್ವಾಮಿಗೂ, ವಿಷಗ್ರಹಶಮನವನ್ನು ಸಿದ್ಧಸೇನರಿಗೂ, ಶಿಶುವೈದ್ಯವನ್ನು ಮೇಘನಾದರಿಗೂ ಸಲ್ಲಿಸಿರುವನು. ಪೂಜ್ಯಪಾದರ ಆ ಗ್ರಂಥವು ನಮಗೆ ದೊರೆತಿಲ್ಲ. ದೊರೆತಿದ್ದರೆ ನಮ್ಮ ನಾಡಿನ ನೇತ್ರವೈದ್ಯದ ಚರಿತ್ರೆಯು ಬೇರೆ ರೀತಿಯಾಗಿ ಪ್ರಾರಂಭವಾಗುತ್ತಿದ್ದಿತು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು. ಎರಡನೆಯ ಚಾವುಂಡರಾಯನ ಲೋಕೋಪಕಾರವು ಹನ್ನೊಂದನೆಯ ಶತಮಾನದಲ್ಲಿಯೇ ವೈದ್ಯವನ್ನು ಗೃಹಸ್ಥನು ತಿಳಿದಿರಬೇಕಾದ ವಿದ್ಯೆಗಳ ಸಾಲಿನಲ್ಲಿ ಸೇರಿಸಿತು. ಮಂಗರಾಜನ ಖಗೇಂದ್ರಮಣಿದರ್ಪಣ, ಶ್ರೀಧರದೇವನ ವೈದ್ಯಾಮೃತ, ಸಾಳ್ವನ ವೈದ್ಯಸಾಂಗತ್ಯ ಮೊದಲಾದುವು ಈ ಪರಂಪರೆಯನ್ನು ಮುಂದುವರಿಸಿದುವು.

ಈ ಗ್ರಂಥಕಾರರು ಕನ್ನಡದಲ್ಲಿ ಬರೆದುದಕ್ಕೆ ಒಂದು ಸಾಮಾಜಿಕವಾದ ಅರ್ಥವುಂಟು. ಲಕ್ಷಣಗಳ ಭೇದವು ಪಂಡಿತನ ತಲೆಯಲ್ಲಿ ಮಾತ್ರ ಉಳಿಯದೆ ಹಳ್ಳಿಯ ಬಾಗಿಲಿಗೆ ಬರಬೇಕಾದರೆ ಅದಕ್ಕೆ ದೇಶಭಾಷೆಯ ಶಬ್ದಗಳು ಬೇಕು. ತುರಿ, ಉರಿ, ಚುಚ್ಚು, ಗೀಜು, ಒಸರು, ಊತ, ಮಬ್ಬು ಎಂಬ ಈ ಶಬ್ದಗಳು ಇಂದಿಗೂ ನಮ್ಮಲ್ಲಿ ಜೀವಂತವಾಗಿವೆ. ಮುಂದೆ ನೋಡುವಂತೆ, ನವೀನ ವೈದ್ಯನು ರೋಗಿಯನ್ನು ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರವೂ ಈ ಶಬ್ದಗಳಲ್ಲಿಯೇ ಇದೆ.

ಶಾಸ್ತ್ರದ ಉಪಚಾರದಲ್ಲಿ ಹಿತವಾದ ಸಂಯಮವೊಂದಿತ್ತು. ಬೇನೆಯು ಇನ್ನೂ ಹಸಿಯಾಗಿರುವಾಗ, ಎಂದರೆ ಆಮಾವಸ್ಥೆಯಲ್ಲಿ, ಅಂಜನವನ್ನು ಹಚ್ಚಬಾರದು. ಲಂಘನದಿಂದಲೂ ವಿಶ್ರಾಂತಿಯಿಂದಲೂ ಕೆಲವು ದಿವಸಗಳನ್ನು ಕಳೆಯಬೇಕು. ಅನಂತರ ದೋಷವನ್ನರಿತು ಸೇಕ, ಆಶ್ಚ್ಯೋತನ, ಬಿಡಾಲಕಾದಿಗಳನ್ನು ಮಾಡಬೇಕೆಂದು ವಿಧಿ. ಹೆಚ್ಚಿನ ಕಣ್ಬೇನೆಗಳು ತಾವಾಗಿಯೇ ಇಳಿಯುವ ಸ್ವಭಾವವುಳ್ಳವಾದುದರಿಂದ ಈ ಕಾಯುವಿಕೆಯು ವಿವೇಕವೇ ಸರಿ. ಆದರೆ ಶಾಸ್ತ್ರವನ್ನು ಬಲ್ಲವರು ಕಡಮೆಯಾದಂತೆಲ್ಲ ವಿಧಿಯಲ್ಲಿ ಉಳಿದುದು ಮದ್ದು, ಬಿಟ್ಟುಹೋದುದು ಸಂಯಮ. ಎಲೆಯ ರಸ, ಎದೆಹಾಲು, ಬೆಂದ ಕಾಡಿಗೆ ಇವುಗಳನ್ನು ಯಾವ ಬೇನೆಗಾದರೂ ಮೊದಲ ದಿವಸವೇ ಕಣ್ಣಿಗೆ ಬಿಡುವುದು ರೂಢಿಯಾಯಿತು. ಮನೆಯ ಮಕ್ಕಳೆಲ್ಲರಿಗೂ ಒಂದೇ ಬೆರಳಿನಿಂದ ಕಾಡಿಗೆ ತೀಡುವುದು ಒಬ್ಬರ ಬೇನೆಯನ್ನು ಎಲ್ಲರಿಗೂ ಹಂಚುವ ಮಾರ್ಗವಾಯಿತು. ದೇವಿಗೆ ಬೆಳ್ಳಿಯ ಕಣ್ಣುಗಳನ್ನು ಮಾಡಿಸಿ ಒಪ್ಪಿಸುವ ಹರಕೆಯು ಎಷ್ಟು ಮನೆಗಳ ದುಃಖವನ್ನು ಸೂಚಿಸುವುದೆಂಬುದನ್ನು ನಮ್ಮ ಗುಡಿಗಳನ್ನು ಕಂಡವರೆಲ್ಲರೂ ಬಲ್ಲರು.

೪

ಯೂರೋಪಿನಲ್ಲಿ ಕಣ್ಬೇನೆಯು ಪ್ರತ್ಯೇಕಶಾಸ್ತ್ರದ ವಿಷಯವಾದುದು ಒಂದು ಯುದ್ಧದ ದೆಸೆಯಿಂದ. ೧೭೯೮ರಲ್ಲಿ ನೆಪೋಲಿಯನ್ನನ ಸೈನ್ಯವು ಈಜಿಪ್ಟಿಗೆ ಹೋಯಿತು. ೧೮೦೧ರಲ್ಲಿ ಅದನ್ನೆದುರಿಸಲು ಬ್ರಿಟಿಷ್ ಸೈನ್ಯವು ಅಲ್ಲಿಗಿಳಿಯಿತು. ಎರಡು ಸೈನ್ಯಗಳಲ್ಲಿಯೂ ಸಾವಿರಾರು ಜನರಿಗೆ ಘೋರವಾದ ಕಣ್ಬೇನೆಯುಂಟಾಗಿ ಬಹುಮಂದಿ ಕುರುಡರಾದರು. ಸಿಪಾಯಿಗಳು ತಾಯ್ನಾಡಿಗೆ ಮರಳಿದಾಗ ಬೇನೆಯೂ ಅವರೊಡನೆ ಬಂದಿತು. ಇದು ‘ಈಜಿಪ್ಟಿನ ಕಣ್ಬೇನೆ’ ಎನ್ನಿಸಿಕೊಂಡಿತು. ಜಾನ್ ವೆಚ್ ಎಂಬ ಸೈನ್ಯವೈದ್ಯನು ೧೮೦೭ರಲ್ಲಿ ಇದನ್ನು ಕುರಿತು ಗ್ರಂಥವನ್ನು ಬರೆದು, ಬೇನೆಯು ಸ್ರಾವದ ಸ್ಪರ್ಶದಿಂದ ಹರಡುವುದೆಂದು ವಾದಿಸಿದನು. ಲಂಡನ್ನಿನಲ್ಲಿ ಮುಂದೆ ಮೂರ್‌ಫೀಲ್ಡ್ಸ್ ಎಂದು ಹೆಸರಾದ ನೇತ್ರಚಿಕಿತ್ಸಾಲಯವು ೧೮೦೫ರಲ್ಲಿ ಪ್ರಾರಂಭವಾದುದು ಇದೇ ಸಂದರ್ಭದಲ್ಲಿ.

ಆ ಲಂಡನ್ನಿನ ಸಂಸ್ಥೆಯನ್ನು ಅನುಸರಿಸಿ ಈಸ್ಟ್ ಇಂಡಿಯಾ ಕಂಪನಿಯವರು ೧೮೧೯ರಲ್ಲಿ ಮದ್ರಾಸಿನಲ್ಲಿ ನೇತ್ರಚಿಕಿತ್ಸಾಲಯವನ್ನು ಸ್ಥಾಪಿಸಿದರು. ಇದು ಏಷ್ಯಾಖಂಡದಲ್ಲಿಯೇ ಅತ್ಯಂತ ಹಳೆಯ ನೇತ್ರಾಲಯಗಳಲ್ಲಿ ಒಂದು. ಇದರ ಚರಿತ್ರೆಯು ನಮಗೆ ಹೊರಗಿನದಲ್ಲ. ೧೮೦೦ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ಬಳ್ಳಾರಿಯೂ ಒಂದು. ೧೯೫೩ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಜನರು ಮದ್ರಾಸಿನ ಆಡಳಿತಕ್ಕೊಳಪಟ್ಟಿದ್ದರು. ಆ ಕಾಲದಲ್ಲಿ ಅವರ ಪಾಲಿಗೆ ಸರಕಾರದ ದೊಡ್ಡ ಕಣ್ಣಾಸ್ಪತ್ರೆಯೆಂದರೆ ಕಡಲತಡಿಯ ಆ ದೂರದ ಪಟ್ಟಣದಲ್ಲಿದ್ದುದು. ಮೈಸೂರು ಸಂಸ್ಥಾನದವರಿಗೆ ಬೆಂಗಳೂರಿನಲ್ಲಿ ೧೮೯೬ರಲ್ಲಿ ಸಣ್ಣದಾಗಿ ಆರಂಭವಾದ ನೇತ್ರಾಲಯವು ೧೯೧೩ರಲ್ಲಿ ಈಗಿನ ಭವ್ಯವಾದ ಕಟ್ಟಡಕ್ಕೆ ಬಂದು ಮಿಂಟೋ ಆಸ್ಪತ್ರೆಯೆಂದು ಪ್ರಸಿದ್ಧವಾಯಿತು. ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದುದು ೧೯೬೧ರಲ್ಲಿ. ಮೇಲೆ ಹೇಳಿದ ಐದು ತಾಲ್ಲೂಕುಗಳು ಹೊಸಪೇಟೆಯೊಡನೆ ಸೇರಿ ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾದುವು.

‘ಮದ್ರಾಸ್ ಐ’ ಎಂದು ಕನ್ನಡಿಗರೂ ಆಡುವ ಹೆಸರು ಆ ಪಟ್ಟಣದಿಂದಲೇ ಬಂದುದು. ಒಂದನೆಯ ಮಹಾಯುದ್ಧವು ಮುಗಿಯುವ ಸಮಯದಲ್ಲಿ ಮದ್ರಾಸಿನಲ್ಲಿ ಹಬ್ಬಿದ ಸಾಂಕ್ರಾಮಿಕ ನೇತ್ರವ್ಯಾಧಿಯೊಂದನ್ನು, ಕರಿಗುಡ್ಡೆಯ ಮೇಲೆ ಚುಕ್ಕೆಗಳನ್ನು ಮೂಡಿಸುವಂತಹುದನ್ನು, ಅಲ್ಲಿನ ವೈದ್ಯನಾದ ಕರ್ಕ್‌ಪ್ಯಾಟ್ರಿಕ್ಕನು ೧೯೨೦ರಲ್ಲಿ ಪ್ರಕಟವಾಗಿ ವರ್ಣಿಸಿದನು. ಬೇನೆಗೆ ಊರಿನ ಹೆಸರನ್ನಿಡುವ ಈ ಪ್ರವೃತ್ತಿಯು ಲೋಕಸಾಮಾನ್ಯವಾದುದು. ಇಂಗ್ಲೀಷರಿಗೆ ಅದು ಈಜಿಪ್ಟಿನದು, ನಮಗೆ ಮದ್ರಾಸಿನದು. ೧೯೬೯ರಲ್ಲಿ ಆಫ್ರಿಕದ ಘಾನಾದೇಶದಲ್ಲಿ ರಕ್ತಸ್ರಾವದೊಡನೆ ಕೂಡಿದ ಹೊಸ ಕಣ್ಬೇನೆ ಕಾಣಿಸಿಕೊಂಡಾಗ, ಅದೇ ವರ್ಷ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟಿದ್ದ ಕಾರಣ, ಜನರು ಅದನ್ನು ‘ಅಪೊಲೊ’ ಎಂದರು. ಅದೇ ಬೇನೆಯು ೧೯೭೧ರಲ್ಲಿ ಭಾರತದಲ್ಲಿ ಹಬ್ಬಿದಾಗ, ನೆರೆನಾಡಿನ ಯುದ್ಧದಿಂದ ತಪ್ಪಿಸಿಕೊಂಡು ನಿರಾಶ್ರಿತರು ಬರುತ್ತಿದ್ದುದರಿಂದ, ಬಂಗಾಳಿಗಳು ‘ಜಯ್ ಬಾಂಗ್ಲಾ’ ಎಂದರು. ಬೇನೆಯು ಯಾವಾಗಲೂ ಹೊರಗಿನಿಂದ ಬಂದುದು, ಅದು ಪರರದು! ಹೆಸರುಗಳ ಈ ಚರಿತ್ರೆಯಿಂದ ರೋಗದ ಸ್ವರೂಪವೇನೂ ತಿಳಿಯದು. ಜನಮನದ ಸ್ವರೂಪ ತಿಳಿಯುವುದು.

೫

ಹೆಸರುಗಳ ಹಿಂದಿನ ಕಾರಣವು ಬೆಳಕಿಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ೧೮೭೯ರಲ್ಲಿ ನೈಸರ್ ಎಂಬಾತನು ಪೂಯಮೇಹದ ಸೂಕ್ಷ್ಮಜೀವಿಯನ್ನು ಕಂಡನು. ನವಜಾತಶಿಶುಗಳ ಭಯಂಕರವಾದ ಕಣ್ಬೇನೆಗೆ ಅದೇ ಮುಖ್ಯಕಾರಣವೆಂದು ತಿಳಿದುಬಂದಿತು. ಲೈಪ್ಸಿಗ್ ನಗರದ ಕ್ರೇಡೆ ಎಂಬ ಪ್ರಸೂತಿವೈದ್ಯನು ಹುಟ್ಟಿದೊಡನೆ ಶಿಶುವಿನ ಕಣ್ಣಿಗೆ ರಜತಲವಣದ ದ್ರಾವಣದ ಒಂದೊಂದು ಹನಿಯನ್ನು ಬಿಡುವ ಕ್ರಮವನ್ನು ೧೮೮೧ರಲ್ಲಿ ಪ್ರಕಟಿಸಿದನು. ಅಷ್ಟರಿಂದಲೇ ಅಸಂಖ್ಯಾತ ಮಕ್ಕಳು ಅಂಧತ್ವದಿಂದ ಪಾರಾದರು. ೧೮೮೩ರಲ್ಲಿ ಕಾಲರಾವನ್ನು ಪರಿಶೋಧಿಸಲು ಈಜಿಪ್ಟಿಗೆ ಹೋಗಿದ್ದ ಕಾಖ್ ಮಹಾಶಯನು ಕಣ್ಬೇನೆಯ ಸ್ರಾವದಲ್ಲಿ ಸೂಕ್ಷ್ಮಜೀವಿಗಳನ್ನು ಕಂಡನು; ೧೮೮೬ರಲ್ಲಿ ನ್ಯೂಯಾರ್ಕಿನ ವೀಕ್ಸ್ ಎಂಬಾತನು ಅವುಗಳನ್ನು ಮತ್ತಷ್ಟು ಪರಿಶೀಲಿಸಿದನು. ಕಣ್ಣಿನ ಕೊನೆಗಳಲ್ಲಿ ಕೆಂಪೇರಿಸುವ ಮತ್ತೊಂದು ಜಾತಿಯನ್ನು ೧೮೯೬ರಲ್ಲಿ ಮೊರಾಕ್ಸನೂ ೧೮೯೭ರಲ್ಲಿ ಆಕ್ಸೆನ್‌ಫೆಲ್ಡನೂ ವಿವರಿಸಿದರು. ೧೯೦೭ರಲ್ಲಿ ಜಾವಾದ್ವೀಪದಲ್ಲಿ ಹಾಲ್ಬರ್‌ಸ್ಟೆಟರ್, ಪ್ರೊವಾಜೆಕ್ ಎಂಬಿಬ್ಬರು ಟ್ರಕೋಮಾ ಎಂಬ ದೀರ್ಘವ್ಯಾಧಿಯ ಕಣಗಳನ್ನು ಗುರುತಿಸಿದರು. ಅದರ ಜೀವಿಯನ್ನು ಪ್ರತ್ಯೇಕಿಸಿದ ಕೀರ್ತಿಯು ಚೀನದ ಟಾಂಗ್ ಫೈಫಾನನಿಗೆ ಸೇರಿದುದು (೧೯೫೭). ೧೯೫೫ರಲ್ಲಿ ಜಾವೆಟ್ಸನೂ ಸಂಗಡಿಗರೂ, ಕರಿಗುಡ್ಡೆಗೆ ಚುಕ್ಕೆಗಳನ್ನು ತರುವ ಸಾಂಕ್ರಾಮಿಕಕ್ಕೆ ಅಡಿನೊವೈರಸ್ಸು ಕಾರಣವೆಂದು ತೋರಿಸಿದರು.

ಟ್ರಕೋಮಾದ ವಿಷಯದಲ್ಲಿ ಪ್ರಾಚೀನ ನವೀನಗಳು ಒಂದೆಡೆ ಕೈಕೂಡುವುದು ಕುತೂಹಲಕರವಾಗಿದೆ. ರೆಪ್ಪೆಯ ರೋಗಗಳಲ್ಲಿ ‘ಪೋಥಕೀ’ ಎಂಬುದನ್ನು ಸುಶ್ರುತನು ಕೆಂಪು ಸಾಸಿವೆಯಂತಹ ಗುಳ್ಳೆಗಳುಳ್ಳುದು, ಒಸರುವುದು, ತುರಿಸುವುದು, ಭಾರವಾದುದು ಎಂದು ವರ್ಣಿಸಿ, ರೆಪ್ಪೆಯನ್ನು ಮಗುಚಿ ಕೆರೆಯುವ ಲೇಖನವಿಧಿಯನ್ನು ಹೇಳಿರುವನು. ಇದೇ ಟ್ರಕೋಮಾ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಔಷಧಗಳು ದೊರೆಯುವವರೆಗೆ ಯೂರೋಪಿನ ವೈದ್ಯರೂ ಮೈಲುತುತ್ತದ ಕಡ್ಡಿಯಿಂದ ರೆಪ್ಪೆಯೊಳಮೈಯನ್ನು ಉಜ್ಜುತ್ತಿದ್ದರಲ್ಲದೆ ಬೇರೆ ಉಪಾಯವನ್ನು ಕಾಣರು. ೧೯೩೮ರಲ್ಲಿ ಸಲ್ಫಾ ಔಷಧಗಳು ಬಂದ ಮೇಲೆ ಈ ಸ್ಥಿತಿಯು ಬದಲಾಯಿತು. ಭಾರತಸರಕಾರವು ೧೯೬೩ರಲ್ಲಿ ಟ್ರಕೋಮಾ ನಿಯಂತ್ರಣದ ಕಾರ್ಯಕ್ರಮವನ್ನೂ, ೧೯೭೬ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನೂ ಕೈಕೊಂಡಿತು. ೨೦೨೪ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಟ್ರಕೋಮಾ ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ಪ್ರಮಾಣೀಕರಿಸಿತು. ಮುಖವನ್ನು ತೊಳೆಯಲು ನೀರು, ಮಲಮೂತ್ರಗಳ ನಿರ್ಮಲವ್ಯವಸ್ಥೆ, ಔಷಧ, ಮಗುಚಿದ ರೆಪ್ಪೆಗೆ ಶಸ್ತ್ರಕ್ರಿಯೆ ಇವೆಲ್ಲವೂ ಕೂಡಿದುದರಿಂದ ಲಭಿಸಿದ ಫಲವಿದು.

೬

ಇನ್ನು ಈಗಿನ ಜ್ಞಾನದ ಪ್ರಕಾರ ಭೇದಗಳನ್ನು ಗುರುತಿಸುವ ಕ್ರಮವನ್ನೂ ಉಪಚಾರವನ್ನೂ ಸಂಗ್ರಹವಾಗಿ ಹೇಳುವೆನು.

ಮೊದಲನೆಯದು ಬ್ಯಾಕ್ಟೀರಿಯಾಗಳಿಂದ ಆಗುವುದು. ಹಳದಿಯ ಅಥವಾ ಹಸುರು ಛಾಯೆಯ ದಪ್ಪ ಗೀಜು, ಬೆಳಗ್ಗೆ ರೆಪ್ಪೆಗಳು ಅಂಟಿಕೊಂಡಿರುವುದು ಇದರ ಲಕ್ಷಣ. ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಆರಂಭವಾಗಿ ಮತ್ತೊಂದಕ್ಕೆ ದಾಟುವುದು. ಕುದಿಸಿ ಆರಿಸಿದ ನೀರಿನಿಂದ ಗೀಜನ್ನು ಒರಸಿ, ವೈದ್ಯನು ಹೇಳಿದ ಪ್ರತಿಜೀವಕದ ಹನಿಗಳನ್ನು ಬಿಟ್ಟರೆ ಬೇಗ ಇಳಿಯುವುದು.

ಎರಡನೆಯದು ವೈರಸ್ಸುಗಳಿಂದ ಆಗುವುದು. ಜನರು ‘ಮದ್ರಾಸ್ ಐ’ ಎನ್ನುವುದು ಬಹುಮಟ್ಟಿಗೆ ಇದನ್ನೇ. ೨೦೨೩ರ ಮಳೆಗಾಲದಲ್ಲಿ ಕರ್ಣಾಟಕದಲ್ಲಿಯೂ ದೇಶದ ಅನೇಕ ಭಾಗಗಳಲ್ಲಿಯೂ ಹಬ್ಬಿದ ಕಣ್ಬೇನೆ ಇದೇ ಬಗೆಯದು. ನೀರಾದ ಸ್ರಾವ, ಮರಳು ಬಿದ್ದಂತಹ ಭಾವನೆ, ಕಿವಿಯ ಮುಂದಣ ಗ್ರಂಥಿಯ ಊತ, ಕೆಲವೊಮ್ಮೆ ಜತೆಯಲ್ಲಿ ನೆಗಡಿ ಗಂಟಲುನೋವು ಇರುವುವು. ಎರಡು ಮೂರು ವಾರಗಳವರೆಗೆ ಇರಬಹುದು. ಪ್ರತಿಜೀವಕಗಳು ವೈರಸ್ಸನ್ನು ಕೊಲ್ಲಲಾರವು. ತಣ್ಣನೆಯ ಬಟ್ಟೆಯ ಸೇಕ, ವಿಶ್ರಾಂತಿ, ಶುಚಿತ್ವ ಇವೇ ಚಿಕಿತ್ಸೆ. ಆದರೆ ದೃಷ್ಟಿಯು ಮಬ್ಬಾದರೆ, ಬೆಳಕನ್ನು ನೋಡಲಾಗದಿದ್ದರೆ, ಕರಿಗುಡ್ಡೆಗೆ ತಗಲಿತೆಂದು ತಿಳಿದು ವೈದ್ಯನ ಬಳಿಗೆ ಹೋಗಬೇಕು. ರಕ್ತಸ್ರಾವವುಳ್ಳ ಬಗೆಯಾದರೋ ಸೋಂಕಿದ ಒಂದು ದಿವಸದ ಹೊತ್ತಿಗೇ ಏರಿ ಬಿಳಿಗುಡ್ಡೆಯನ್ನು ಕೆಂಪು ಮಾಡುವುದು. ನೋಡುವುದಕ್ಕೆ ಭಯವಾದರೂ ಒಂದು ವಾರದಲ್ಲಿ ಪ್ರಾಯಶಃ ಇಳಿಯುವುದು.

ಮೂರನೆಯದು ಒಗ್ಗದಿರುವಿಕೆಯಿಂದ, ಎಂದರೆ ಧೂಳು ಪರಾಗಾದಿಗಳಿಗೆ ದೇಹವು ತೋರುವ ಪ್ರತಿಕ್ರಿಯೆಯಿಂದ, ಆಗುವುದು. ಇದರ ಮುದ್ರೆ ತುರಿ. ತುರಿಯಿಲ್ಲದಿದ್ದರೆ ಇದಲ್ಲವೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಬಿಸಿಲೂ ಒಣಹವೆಯೂ ಇರುವ ದೇಶಗಳಲ್ಲಿ ಇದರ ಒಂದು ಉಗ್ರರೂಪವು ಐದರಿಂದ ಹದಿನೈದು ವರ್ಷದ ಮಕ್ಕಳಿಗೆ, ಅದರಲ್ಲಿಯೂ ಗಂಡುಮಕ್ಕಳಿಗೆ, ಹೆಚ್ಚು. ಎಳೆಎಳೆಯಾಗಿ ಬರುವ ಬಿಳಿಯ ಸ್ರಾವ, ಮೇಲುರೆಪ್ಪೆಯ ಒಳಗೆ ಕಲ್ಲುಹಾಸಿನಂತಹ ಉಬ್ಬುಗಳು, ಬೇಸಗೆಯಲ್ಲಿ ಉಲ್ಬಣ ಇವು ಅದರ ಚಿಹ್ನೆಗಳು. ಹೊಸಹಳ್ಳಿಯಂತಹ ಸೀಮೆಯ ಹವೆಯು ಇದಕ್ಕೆ ಅನುಕೂಲವಾದುದು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಇದರ ಚಿಕಿತ್ಸೆಯಲ್ಲಿ ಆಗುವ ದೊಡ್ಡ ಅಪಾಯವು ರೋಗದಿಂದಲ್ಲ, ಮದ್ದಿನಿಂದ. ಸ್ಟೆರಾಯ್ಡ್ ಬೆರೆತ ಹನಿಗಳು ತುರಿಯನ್ನು ಒಂದೇ ದಿವಸದಲ್ಲಿ ಅಡಗಿಸುವುವು. ಆದುದರಿಂದ ತಂದೆತಾಯಿಗಳು ಅಂಗಡಿಯಿಂದ ತಾವೇ ಕೊಂಡು ವರ್ಷಗಟ್ಟಳೆ ಬಿಡುವುದುಂಟು. ಅದರಿಂದ ಕಣ್ಣಿನೊಳಗಣ ಒತ್ತಡ ಏರಿ ದೃಷ್ಟಿನಾಡಿಯು ಸದ್ದಿಲ್ಲದೆ ನಾಶವಾಗುವುದು. ಎಳೆಯ ವಯಸ್ಸಿನಲ್ಲಿಯೇ ಮೋತಿಬಿಂದು ಬರುವುದು. ಇದಕ್ಕೆ ಒಲೋಪಟಡೀನ್ ಮೊದಲಾದ ನಿರಪಾಯವಾದ ಹನಿಗಳುಂಟು; ಸ್ಟೆರಾಯ್ಡನ್ನು ವೈದ್ಯನು ಕಣ್ಣಿನ ಒತ್ತಡವನ್ನು ಅಳೆದು, ಅಲ್ಪಕಾಲಕ್ಕೆ ಮಾತ್ರ ಕೊಡಬೇಕಾದುದು.

ನಾಲ್ಕನೆಯದು ನವಜಾತಶಿಶುವಿನದು. ಹುಟ್ಟಿದ ಎರಡರಿಂದ ಐದು ದಿವಸಗಳೊಳಗೆ ರೆಪ್ಪೆಗಳು ಬಾತು ಕೀವು ಧಾರೆಯಾಗಿ ಸುರಿದರೆ ಪೂಯಮೇಹದ ಸೋಂಕೆಂದು ಶಂಕಿಸಬೇಕು. ಕರಿಗುಡ್ಡೆಯು ಬಹುಬೇಗ ತೂತಾಗಬಹುದು. ಐದರಿಂದ ಹದಿನಾಲ್ಕು ದಿವಸಗಳಲ್ಲಿ ಬಂದರೆ ಟ್ರಕೋಮಾದ ದಾಯಾದಿಯಾದ ಸೂಕ್ಷ್ಮಜೀವಿಯು ಕಾರಣವಾಗಿರಬಹುದು. ಎರಡರಲ್ಲಿಯೂ ಹನಿಗಳು ಸಾಲವು. ಶರೀರಕ್ಕೆಲ್ಲ ಔಷಧವು ಬೇಕು, ತಾಯಿತಂದೆಗಳಿಗೂ ಬೇಕು. ಇಲ್ಲಿ ಒಂದು ದಿವಸದ ಕಾಯುವಿಕೆಯೂ ಕೂಡದು.

ಕೊನೆಯದಾಗಿ, ಕಣ್ಬೇನೆಯಂತೆ ತೋರಿಯೂ ಕಣ್ಬೇನೆಯಲ್ಲದವು ಇವೆ. ಜೋಳದ ಗರಿಯೋ ಹೊಟ್ಟೋ ತಾಗಿ ಕರಿಗುಡ್ಡೆಯಲ್ಲಿ ಹುಣ್ಣಾದಾಗ, ಕಣ್ಣೊಳಗಣ ಒತ್ತಡವು ಹಠಾತ್ತಾಗಿ ಏರಿದಾಗ, ಒಳಪಟಲವು ಬಾತಾಗ ಕೂಡ ಕಣ್ಣು ಕೆಂಪಾಗುವುದು. ನಿಜವಾ‍ದ ವೇದನೆ, ದೃಷ್ಟಿಯ ಮಬ್ಬು, ಬೆಳಕನ್ನು ಸಹಿಸಲಾಗದಿರುವುದು, ಕರಿಗುಡ್ಡೆಯ ಸುತ್ತ ಉಂಗುರದಂತೆ ಕೆಂಪು, ಪಾಪೆಯ ಆಕಾರದಲ್ಲಿ ವ್ಯತ್ಯಾಸ, ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಇವುಗಳಲ್ಲಿ ಯಾವುದೊಂದಿದ್ದರೂ ಅದನ್ನು ‘ಕಣ್ಣು ಬಂದಿವೆ’ ಎಂದು ತಳ್ಳಿಹಾಕಬಾರದು. ಹೊಲದ ಗಾಯದಿಂದಾದ ಹುಣ್ಣಿನಲ್ಲಿ ಶಿಲೀಂಧ್ರವು ಬೇರೂರಬಹುದಾದುದರಿಂದ ಸ್ಟೆರಾಯ್ಡ್ ಹನಿಯು ಅಲ್ಲಿ ಉರಿವ ಬೆಂಕಿಗೆ ಎಣ್ಣೆಯಾಗುವುದು. ಸುಶ್ರುತನು ಅಭಿಷ್ಯಂದದಿಂದ ಅಧಿಮಂಥವನ್ನು ಬೇರ್ಪಡಿಸಿ, ದೃಷ್ಟಿನಾಶಕ್ಕೆ ರಾತ್ರಿಗಳನ್ನು ಎಣಿಸಿ ಹೇಳಿದುದರ ತಾತ್ಪರ್ಯವನ್ನು ಇಲ್ಲಿ ನೆನೆಯತಕ್ಕದ್ದು.

೭

ಹಾಗಾದರೆ ನಾಲ್ಕು ಅಭಿಷ್ಯಂದಗಳನ್ನು ಈ ನವೀನಭೇದಗಳೊಡನೆ ಸಮೀಕರಿಸಬಹುದೆ? ತುರಿಯೂ ಅಂಟುಸ್ರಾವವೂ ಉಳ್ಳ ಕಫಾಭಿಷ್ಯಂದವನ್ನು ಒಗ್ಗದಿರುವಿಕೆಯ ಬೇನೆಯೆಂದೂ, ಬಿಸಿಗಣ್ಣೀರಿನ ಪಿತ್ತರಕ್ತಗಳನ್ನು ಸಾಂಕ್ರಾಮಿಕಗಳೆಂದೂ ಹೇಳಿಬಿಡಲು ಮನಸ್ಸು ಎಳೆಯುವುದು. ಆದರೆ ಹೀಗೆ ಮಾಡುವುದು ನ್ಯಾಯವಲ್ಲ. ಪ್ರಾಚೀನರ ವಿಭಾಗವು ಲಕ್ಷಣಾನುಸಾರಿ, ನವೀನರದು ಕಾರಣಾನುಸಾರಿ. ಒಂದೇ ಕಾರಣವು ನಾನಾ ಲಕ್ಷಣಗಳನ್ನೂ, ನಾನಾ ಕಾರಣಗಳು ಒಂದೇ ಲಕ್ಷಣವನ್ನೂ ತೋರಬಹುದು. ಸುಶ್ರುತನು ನೇತ್ರಾಭಿಷ್ಯಂದವು ಅಂಟುವುದೆಂದು ಸಾಮಾನ್ಯವಾಗಿ ಹೇಳಿದನಲ್ಲದೆ, ಆ ಪಟ್ಟಿಯಲ್ಲಿ ನಾಲ್ಕರೊಳಗೆ ಯಾವುದು ಅಂಟುವುದು, ಯಾವುದು ಅಂಟದು ಎಂದು ವಿಂಗಡಿಸಲಿಲ್ಲ. ಆ ವಿಂಗಡಣೆಗೆ ಸೂಕ್ಷ್ಮದರ್ಶಕ ಬೇಕಾಯಿತು. ಆತನು ಕಂಡ ಎರಡು ಸತ್ಯಗಳು, ಎಂದರೆ ಬೇನೆಗೆ ಭೇದಗಳುಂಟು, ಬೇನೆಯು ಸ್ಪರ್ಶಾದಿಗಳಿಂದ ದಾಟುವುದು ಎಂಬುವು, ಮಾತ್ರ ಇಂದಿಗೂ ನಿಂತಿವೆ. ಪೂರ್ವಿಕರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲು ಇಷ್ಟೇ ಸಾಕು. ಅವರು ಹೇಳದುದನ್ನು ಅವರ ಬಾಯಿಂದ ಹೇಳಿಸಬೇಕಾಗಿಲ್ಲ.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರಾದುದರಿಂದ ಅವರಲ್ಲಿ ಎರಡು ವಿಜ್ಞಾಪನೆಗಳನ್ನು ಮಾಡಿ ಮುಗಿಸುವೆನು. ಕನ್ನಡ ವೈದ್ಯಗ್ರಂಥಗಳ ನೇತ್ರಪ್ರಕರಣಗಳನ್ನೂ, ಮನೆಮನೆಗಳಲ್ಲಿ ಉಳಿದಿರುವ ಓಲೆಯ ಕಟ್ಟುಗಳನ್ನೂ ಶಬ್ದದೃಷ್ಟಿಯಿಂದ ಓದಬೇಕೆಂಬುದು ಮೊದಲನೆಯದು. ಅಲ್ಲಿನ ಮದ್ದು ನಮಗೆ ಬೇಕಾಗದಿರಬಹುದು. ಲಕ್ಷಣಗಳ ಸೂಕ್ಷ್ಮಭೇದವನ್ನು ಹೇಳುವ ಅಚ್ಚಗನ್ನಡದ ಮಾತುಗಳು ಇಂದಿನ ವೈದ್ಯನಿಗೂ ರೋಗಿಗೂ ನಡುವೆ ಸೇತುವೆಯಾಗಬಲ್ಲವು.

ಎರಡನೆಯದು ತರಗತಿಯ ಮಾತು. ಕೆಂಗಣ್ಣಿನ ಹುಡುಗನೊಬ್ಬನು ಬಾಗಿಲಲ್ಲಿ ನಿಂತಾಗ ನಾವು ಮಾಡುವುದೇನು? ತುರಿಯಿಂದ ಕಣ್ಣುಜ್ಜುವ, ಅಂಟದ ಬೇನೆಯ ಹುಡುಗನನ್ನು ಹಿಂದಿನ ಬೆಂಚಿಗೆ ಅಟ್ಟಿ, ಗೀಜುಗಣ್ಣಿನವನನ್ನು ಕಪ್ಪು ಕನ್ನಡಕ ಹಾಕಿಕೊಂಡುದೇ ಸಾಕೆಂದು ನಡುವೆ ಕೂಡಿಸುವುದು ಅಪರೂಪವಲ್ಲ. ಕನ್ನಡಕವು ಬೆಳಕಿನ ಬಾಧೆಯನ್ನು ತಡೆಯುವುದು, ಸೋಂಕನ್ನು ತಡೆಯಲಾರದು. ಸೋಂಕು ಇರುವುದು ನೋಟದಲ್ಲಲ್ಲ, ಕೈಯಲ್ಲಿ. ಟವಲಿನಲ್ಲಿ, ದಿಂಬಿನಲ್ಲಿ, ಹಂಚಿಕೊಂಡ ಹನಿಮದ್ದಿನ ಸೀಸೆಯಲ್ಲಿ, ಕಾಡಿಗೆಯ ಬೆರಳಿನಲ್ಲಿ. ಸಾಬೂನಿನಿಂದ ಕೈತೊಳೆಯುವುದು, ಬೇರೆ ಬಟ್ಟೆ, ಕಣ್ಣಿಗೆ ಕಟ್ಟು ಕಟ್ಟದಿರುವುದು, ಸ್ರಾವವು ನಿಲ್ಲುವವರೆಗೆ ಮನೆಯಲ್ಲಿರುವುದು ಇಷ್ಟನ್ನು ಒಂದು ಪಾಠವಾಗಿ ಹೇಳಲು ಹತ್ತು ನಿಮಿಷ ಸಾಕು. ಅದರೊಡನೆ ಮೂರು ಪ್ರಶ್ನೆಗಳನ್ನು ಕೇಳಬೇಕು: ತುರಿಯೋ, ನೋವೋ? ನೀರೋ, ಕೀವೋ? ಹಲಗೆಯ ಮೇಲಣ ಅಕ್ಷರವು ನಿನ್ನೆಯಂತೆ ಕಾಣುವುದೋ, ಇಲ್ಲವೋ? ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಆ ದಿವಸವೇ ಹುಡುಗನನ್ನು ಕಣ್ಣಿನ ವೈದ್ಯನ ಬಳಿಗೆ ಕಳುಹಿಸಬೇಕು. ಪಾಠವು ನಾಳೆಗೆ ನಿಂತರೂ ಚಿಂತೆಯಿಲ್ಲ.